ತೂಗುಗುಂಡು

ಪೊಟ್ಟಣದಲ್ಲಿದ್ದ ಕುಂಕುಮ ಹಲಸೂರಿನ ದೇವಸ್ಥಾನದ್ದಲ್ಲ, ಶಿವಾಜಿನಗರ ಬಸ್‌ಸ್ಟ್ಯಾಂಡಿನ ಎದುರಿನ ಗ್ರಂಧಿಗೆ ಅಂಗಡಿಯದು ಎಂಬುದು ಆದಿಲಕ್ಷ್ಮಿಯನ್ನು ಬಿಟ್ಟರೆ ದೇವರಿಗೆ ಮಾತ್ರ ಗೊತ್ತಿತ್ತು. ಈ ವಿಷಯದಲ್ಲಿ ದೇವರು ತನ್ನ ಪಕ್ಷವೇ ಎಂದು ಅವಳು ನಂಬಿಕೊಂಡಿದ್ದಳು. ಆದರೂ ಇವತ್ತು ಬೆಳಿಗ್ಗೆ ಗಂಡ ಶ್ರೀರಾಮಪ್ಪನವರು ಸ್ನಾನ ಮುಗಿಸಿ ಬಂದು, ಉಂಗುರದ ಬೆರಳಿನಲ್ಲಿ ಒಂದು ಚಿಟಿಕೆ ತೆಗೆದು, ಕನ್ನಡಿ ನೋಡಿಕೊಂಡು ಎರಡು ಹುಬ್ಬುಗಳ ನಟ್ಟನಡುವೆ ಅಳೆದಿಟ್ಟಂತೆ ಇಟ್ಟುಕೊಂಡಾಗ ಅವಳಿಗೆ ನಗು ಬರಲಿಲ್ಲ. ಎರಡು ತಿಂಗಳಿಂದ ಹೀಗೇ ನಡೆದಿತ್ತು. ಸೋಮವಾರ, ಗುರುವಾರ ಎಂದು ನೆಪ ಹೇಳಿ ದೇವಸ್ಥಾನಕ್ಕೆ ಹೊರಡುವುದು, ಮಧ್ಯಾಹ್ನ ಕಳೆದ ಮೇಲೆ ಬರುವುದು, ಬಂದು ಕೈಕಾಲು ತೊಳೆದು ಪೊಟ್ಟಣ ಬಿಚ್ಚುವುದು. ರಾಮಮೂರ್ತಿ ನಗರದ ಅವರ ಬೀದಿಯಲ್ಲಿ ಅವಳಿಗೆ ದೊಡ್ಡ ಭಕ್ತೆ ಎಂಬ ಹೆಸರೂ ಬಂದುಬಿಟ್ಟಿತ್ತು. ಪಕ್ಕದ ಮನೆಯ ಮುನಿಲಕ್ಷ್ಮಮ್ಮನಂತೂ ಮೊಮ್ಮಗಳ ಮದುವೆ ಕುದುರಲಿ ಎಂದು ದೇವರ ದೀಪಕ್ಕೆ ಅವಳ ಕೈಯಲ್ಲೇ ಎಣ್ಣೆ ಕೊಟ್ಟು ಕಳಿಸಿದ್ದಳು. ಆ ಎಣ್ಣೆ ಅಮೆರಿಕದ ಒಂದು ಹಳೆಯ ಆಟದ ಯಂತ್ರದ ಬಾಗಿಲಿನ ಕೀಲುಗಳಿಗೆ ಹೋಯಿತು. ಮದುವೆ ಮಾತ್ರ ಕುದುರಿತು. ಸುಳ್ಳು ಹೇಳಿದ್ದು ಹೆದರಿಕೆಯಿಂದಲ್ಲ. ಗಂಡ ಬೇಡ ಎನ್ನುವ ಪೈಕಿಯವರಲ್ಲ. ನಿಜ ಹೇಳಿದ್ದರೆ ಸರಿ ಎಂದು ಚಪ್ಪಲಿ ಮೆಟ್ಟಿಕೊಂಡು ತಾವೂ ಹೊರಡುತ್ತಿದ್ದರು, ಅವಳ ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಲ್ಲುತ್ತಿದ್ದರು, ಅಷ್ಟೇ. ಆ ನಿಲ್ಲುವುದು ಎಂಥದೆಂದು ಬಲ್ಲವರಿಗೆ ಸುಳ್ಳಿನ ಸುಖವೂ ಗೊತ್ತಿರುತ್ತದೆ.

ಟೆಲಿಫೋನ್ ಫ್ಯಾಕ್ಟರಿಯಲ್ಲಿ ಅವಳು ರಿಲೇ ಸೆಕ್ಷನ್ನಿನಲ್ಲಿದ್ದಳು, ಅವರು ಇನ್‌ಸ್ಪೆಕ್ಷನ್ನಿನಲ್ಲಿ. ರಿಲೇ ಎಂದರೆ ಅಂಗೈಯಲ್ಲಿ ಹಿಡಿಯುವ ಸಾಮಾನು: ಒಂದು ತಂತಿಯ ಸುರುಳಿ, ಅದರ ನೆತ್ತಿಯ ಮೇಲೆ ಲೋಹದ ತೆಳು ಪಟ್ಟಿಗಳು, ಕರೆಂಟು ಬಂದಾಗ ಪಟ್ಟಿಗಳು ಒಂದನ್ನೊಂದು ಮುಟ್ಟಬೇಕು, ಹೋದಾಗ ಬಿಡಬೇಕು, ಅಷ್ಟೇ ಅದರ ಜನ್ಮ. ಪಟ್ಟಿಗಳ ನಡುವಿನ ಸಂದಿಯನ್ನು ಸಣ್ಣ ಇಕ್ಕಳದಿಂದ ಬಗ್ಗಿಸಿ ಬಗ್ಗಿಸಿ ಸರಿಮಾಡುವುದು ಹೆಂಗಸರ ಕೆಲಸ. ಆ ಸಂದಿಯೊಳಗೆ ಅಳತೆಯ ಗೇಜಿನ ಉಕ್ಕಿನ ಎಲೆ ತೂರಿಸಿ ನೋಡಿ, ಸರಿಯಿದ್ದರೆ ಹಸಿರು ಬಣ್ಣದ ಚುಕ್ಕೆ ಇಡುವುದು, ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟುವುದು ಶ್ರೀರಾಮಪ್ಪನವರ ಕೆಲಸ. ಮದುವೆಯ ರಜೆ ಮುಗಿಸಿ, ಮೊಣಕೈಯವರೆಗೆ ಹಸಿರು ಬಳೆ ತೊಟ್ಟುಕೊಂಡು ಅವಳು ಡ್ಯೂಟಿಗೆ ಬಂದ ಮೊದಲ ದಿನವೇ ಅವರು ಅವಳ ಟ್ರೇಯನ್ನು ಪೂರ್ತಿ ವಾಪಸ್ ಕಳಿಸಿದ್ದರು. ಇಡೀ ಲೈನು ಕೆಲಸ ನಿಲ್ಲಿಸಿ ನೋಡಿತು. ಸಂಜೆ ಫ್ಯಾಕ್ಟರಿ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂತವಳಿಗೆ, "ಬಳೆ ತಗಲಿ ಪಟ್ಟಿ ಬಗ್ಗಿದಾವೆ. ನಾಳೆಯಿಂದ ಕಮ್ಮಿ ಹಾಕ್ಕೊಂಡ್ ಬಾ," ಎಂದು ಮೆತ್ತಗಿನ ದನಿಯಲ್ಲೇ ಹೇಳಿದರು. ಹೇಳಿದ್ದು ನಿಜ. ಸುಳ್ಳಾಗಿದ್ದರೆ ಜಗಳವಾಡಿ ಮರೆಯಬಹುದಿತ್ತು. ಆಮೇಲೆ ಮನೆಯಲ್ಲೂ ಅದೇ: ಅವಳು ಗ್ಯಾಸ್ ಆರಿಸಿದ ಮೇಲೆ ಹೋಗಿ ತಾವೊಮ್ಮೆ ಮುಟ್ಟಿ ನೋಡುವುದು, ಮಡಿಸಿಟ್ಟ ಪಂಚೆಯ ಅಂಚಿಗೆ ಅಂಚು ಕೂಡಿದೆಯೇ ಎಂದು ನೋಡುವುದು, ಸಾರು ಬಾಯಿಗಿಟ್ಟು ಕಣ್ಣು ಮುಚ್ಚಿ "ಉಪ್ಪು ಒಂದ್ ಕಲ್ಲು ಮುಂದಿದೆ" ಎನ್ನುವುದು. ಕೈ ಎತ್ತಿದವರಲ್ಲ, ದನಿ ಎತ್ತಿದವರಲ್ಲ, ಕುಡಿತವಿಲ್ಲ, ಬೀಡಿಯಿಲ್ಲ. ಇಂಥ ಗಂಡನನ್ನು ಯಾರ ಮುಂದೆ ದೂರುವುದು? ಚೆನ್ನಾಗಿದೆ ಎಂಬ ಮಾತು ಮಾತ್ರ ಆ ಬಾಯಿಂದ ಬಂದದ್ದನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಸರಿಯಿದ್ದುದಕ್ಕೆ ಮಾತು ಯಾಕೆ, ಚುಕ್ಕೆ ಸಾಕು ಎಂಬುದು ಅವರ ಲೆಕ್ಕ; ಮನೆಯಲ್ಲಿ ಚುಕ್ಕೆ ಇಡಲು ಬಣ್ಣವಿರಲಿಲ್ಲ. ಆ ಮಾತು ಅವಳಿಗೆ ಬೇಕಾಗಿತ್ತು. ಈ ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆ ಬಂದು, ವಾಲಂಟರಿ ರಿಟೈರ್‌ಮೆಂಟ್ ತೆಗೆದುಕೊಂಡು ಮನೆಯಲ್ಲಿ ಕೂತ ಮೇಲೂ ನಾಚಿಕೆಯಿಲ್ಲದೆ ಬೇಕಾಗಿತ್ತು. ಇವತ್ತು ಸಂಜೆ ಅವರನ್ನು ಆ ಯಂತ್ರದ ಮುಂದೆ ನಿಲ್ಲಿಸಬೇಕು, ಅವರು ನೋಡಬೇಕು, ನೋಡಿ ಬಾಯಿ ಬಿಟ್ಟು ಹೇಳಬೇಕು. ಹೇಳದಿದ್ದರೆ? ಅವಳು ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಕೈ ನಿಲ್ಲಿಸಿದಳು. ಹೇಳದಿದ್ದರೆ ಇನ್ನು ಈ ಜನ್ಮಕ್ಕೆ ಅವಳ ಹತ್ತಿರ ತೋರಿಸುವುದಕ್ಕೆ ಬೇರೇನೂ ಇರಲಿಲ್ಲ.

ಯಂತ್ರವನ್ನು ಮೊದಲ ಸಲ ನೋಡಿದಾಗ ಅವಳಿಗೆ ಅಸಹ್ಯವಾಗಿತ್ತು. ವಾಜಿದ್ ಶಿವಾಜಿನಗರದ ಹಳೇ ಸಾಮಾನಿನ ವ್ಯಾಪಾರಿ. ಫ್ಯಾಕ್ಟರಿಯವರು ಗುಜರಿಗೆ ಹಾಕಿದ ರಿಲೇಗಳನ್ನು ಅವನೇ ಕೊಳ್ಳುತ್ತಿದ್ದದ್ದರಿಂದ, ಆಟದ ಯಂತ್ರದ ಹೊಟ್ಟೆ ಬಿಚ್ಚಿ ಅದರೊಳಗೂ ರಿಲೇಗಳ ಸಾಲು ಕಂಡಾಗ, ಹಳೇ ಕೆಲಸದವರು ಯಾರಾದರೂ ಇದ್ದಾರೆಯೇ ಎಂದು ಹುಡುಕಿಕೊಂಡು ಬಂದಿದ್ದ. ಕಂಟೋನ್ಮೆಂಟಿನ ಯಾವುದೋ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಹೆಗ್ಗಣಗಳ ಜೊತೆ ಬಿದ್ದಿದ್ದ ಪೆಟ್ಟಿಗೆ ಅದು, ಪಿನ್‌ಬಾಲ್ ಅಂತೆ. ನಾಲ್ಕು ಕಾಲಿನ ಓರೆ ಮೇಜು, ಮೇಲೆ ಗಾಜು. ಸ್ಪ್ರಿಂಗಿನ ಹಿಡಿ ಎಳೆದು ಬಿಟ್ಟರೆ ಉಕ್ಕಿನ ಗೋಲಿ ಮೇಲಕ್ಕೆ ಚಿಮ್ಮಿ, ದೀಪದ ಗೂಟಗಳಿಗೆ ಬಡಿದು ಗಂಟೆ ಬಾರಿಸುತ್ತ ಕೆಳಗೆ ಉರುಳುತ್ತದೆ; ಕೆಳಗೆ ಎರಡು ರೆಕ್ಕೆ, ಪಕ್ಕದ ಬಟನ್ ಒತ್ತಿದರೆ ಅವು ಗೋಲಿಯನ್ನು ಮತ್ತೆ ಮೇಲಕ್ಕೆ ಬಡಿಯುತ್ತವೆ; ಬಡಿಯದಿದ್ದರೆ ಗೋಲಿ ನಡುವಿನ ತೂತಿಗೆ ಬಿದ್ದು ಹೋಗುತ್ತದೆ. ಎದುರಿಗೆ ಎದ್ದುನಿಂತ ಗಾಜಿನ ಹಲಗೆಯ ಮೇಲೆ ತುಂಡುಬಟ್ಟೆಯ ಹೆಂಗಸರು ಸಮುದ್ರದ ದಡದಲ್ಲಿ ನಿಂತು ಅವಳನ್ನೇ ನೋಡುತ್ತಿದ್ದರು. ಅವಳು ಮೊದಲು ಮಾಡಿದ ರಿಪೇರಿ ಅವರ ಮೇಲೆ ಹಳೇ ಪೇಪರು ಅಂಟಿಸಿದ್ದು. ಆಮೇಲೆ ಅದೇ ಗಲ್ಲಿಯ ನಂಬರ್‌ಪ್ಲೇಟ್ ಬರೆಯುವ ಪೇಂಟರು ಬಣ್ಣ ಉದುರಿದಲ್ಲಿ ತುಂಬಲು ಬಂದವನು, ತನ್ನ ಮರ್ಯಾದೆಗೆ ತಾನೇ ಅಂಜಿ, ಆ ಹೆಂಗಸರ ಲಂಗಗಳನ್ನು ಮೊಣಕಾಲಿನವರೆಗೆ ಇಳಿಸಿಬಿಟ್ಟ. ಯಂತ್ರದ ಒಡತಿ ಪ್ರಿಯದರ್ಶಿನಿ ಅದನ್ನು ನೋಡಿ "ವಾವ್, ಎಷ್ಟು ಲೋಕಲ್ ಆಗಿದೆ" ಎಂದಳು. ಇಂದಿರಾನಗರದಲ್ಲಿ ಅವಳು ತೆರೆಯುತ್ತಿದ್ದ ಹೋಟೆಲಿಗೆ ಹಳೆಯದು ಏನಾದರೂ ಬೇಕಾಗಿತ್ತು. ವಾಜಿದನ ಗೋಡೌನಿನ ಮೂಲೆಯಲ್ಲಿ ಆದಿಲಕ್ಷ್ಮಿ ಮತ್ತೂ ಒಂದು ಹಳೆಯದನ್ನು ನೋಡಿದಳು: ಗೋಣಿಚೀಲಗಳಲ್ಲಿ ತುಂಬಿದ್ದ ಫ್ಯಾಕ್ಟರಿ ರಿಲೇಗಳು. ತುದಿಯ ಬೆಳ್ಳಿಯ ಚೂರಿಗಾಗಿ ಅವುಗಳನ್ನು ಒಡೆಯುತ್ತಿದ್ದರು. ಒಂದನ್ನು ಎತ್ತಿ ಬೆಳಕಿಗೆ ಹಿಡಿದಾಗ ಹಸಿರು ಚುಕ್ಕೆ ಕಂಡಿತು, ಗಂಡ ಇಟ್ಟದ್ದೇ, ಅಂಚು ಚೂರೂ ಚದುರದ ಚುಕ್ಕೆ. ಪಾಸಾದದ್ದೂ ಆಗದ್ದೂ ಒಂದೇ ತಕ್ಕಡಿಗೆ ಹೋಗುತ್ತಿತ್ತು. ಅವಳು ಅದನ್ನು ಚೀಲಕ್ಕೆ ವಾಪಸ್ ಹಾಕಿದಳು, ಮನೆಯಲ್ಲಿ ಹೇಳಲಿಲ್ಲ.

ಆದರೆ ಕೆಲಸಕ್ಕೆ ಕೂತ ಮೇಲೆ ಅವಳಿಗೆ ಖುಷಿಯಾಗಿತ್ತು, ಮುಚ್ಚಿಡುವುದೇನು. ಯಂತ್ರದ ತಳದಲ್ಲಿ ಮಸಿಹಿಡಿದು ಕೂತಿದ್ದ ರಿಲೇಗಳು ಅವಳ ಕೈಯ ರಿಲೇಗಳ ಅಣ್ಣತಮ್ಮಂದಿರೇ. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒಂದೊಂದೇ ಪಟ್ಟಿ ಒರೆಸುತ್ತ, ಇಕ್ಕಳದಿಂದ ಬಗ್ಗಿಸುತ್ತ ಹೋದಂತೆ ಬೆರಳುಗಳಿಗೆ ಬುದ್ಧಿ ವಾಪಸ್ ಬಂತು. ಆದರೂ ಪ್ರತಿಯೊಂದು ಪಟ್ಟಿಯನ್ನು ಬಿಡುವ ಮುಂಚೆ ಅವಳ ಕತ್ತು ತಾನಾಗಿ ಬಲಕ್ಕೆ ತಿರುಗುತ್ತಿತ್ತು. ಆ ಕಡೆಯಿಂದಲೇ ಅವರು ಬರುತ್ತಿದ್ದದ್ದು. ಅಲ್ಲಿ ವಾಜಿದನ ಮುರುಕು ಫ್ರಿಜ್ಜುಗಳು ನಿಂತಿದ್ದವು. ಕೊನೆಗೆ ಉಳಿದದ್ದು ಪೆಟ್ಟಿಗೆಯೊಳಗೆ ಎಡಬದಿಗೆ ತೂಗುತ್ತಿದ್ದ ಒಂದು ಗುಂಡು. ಉಕ್ಕಿನ ಕಡ್ಡಿಗೆ ಸಿಕ್ಕಿಸಿದ, ಬುಗುರಿಯ ಆಕಾರದ ಗುಂಡು, ಅದರ ಸುತ್ತ ಒಂದು ಬಳೆ. ಯಂತ್ರವನ್ನು ಅಲ್ಲಾಡಿಸಿದರೆ ಗುಂಡು ಬಳೆಗೆ ತಾಗುತ್ತದೆ, ತಾಗಿದರೆ ಎದುರಿನ ಗಾಜಿನಲ್ಲಿ 'ಟಿಲ್ಟ್' ಎಂದು ಕೆಂಪು ದೀಪ ಹತ್ತಿ ಆಟ ಸತ್ತುಹೋಗುತ್ತದೆ. ಅವಳು ಗುಂಡಿನ ಸ್ಕ್ರೂ ಸಡಿಲಿಸಿ, ಇಳಿಸಿ, ವಾಜಿದನ ಗುಜರಿಯಲ್ಲೇ ಸಿಕ್ಕ ಒಂದು ಗೇಜಿನ ಅತಿ ತೆಳುವಾದ ಎಲೆ ಸುತ್ತಲೂ ಸಮನಾಗಿ ಹಾಯುವಷ್ಟೇ ಸಂದಿ ಬಿಟ್ಟು ಬಿಗಿದಳು.

"ಅಕ್ಕಾ, ಸ್ವಲ್ಪ ಲೂಸ್ ಬಿಡಿ," ಎಂದಿದ್ದ ವಾಜಿದ್. ಅವನ ಚಿಕ್ಕಪ್ಪ ಅದೇ ಕ್ಲಬ್ಬಿನಲ್ಲಿ ಬೇರರ್ ಆಗಿದ್ದವನು, ಆಟ ನೋಡಿದ್ದ. "ಆಡೋರು ಪೆಟ್ಟಿಗೆ ಹಿಡ್ಕೊಂಡು ಅಲ್ಲಾಡಿಸ್ತಾರೆ."

"ಯಾಕಪ್ಪಾ ಅಲ್ಲಾಡಿಸ್ಬೇಕು?"

"ಗೋಲಿ ತೂತಿಗೆ ಹೋಗೋವಾಗ ಒಂದ್ ಧಕ್ಕಾ ಕೊಟ್ಟು ಉಳಿಸ್ಕೊಳ್ಳೋಕೆ. ಮಜಾ ಇರೋದೇ ಅದ್ರಲ್ಲಿ."

"ಅದು ಕಳ್ಳಾಟ. ಕಳ್ಳಾಟ ಹಿಡಿಯೋಕೇ ತಾನೆ ಈ ಗುಂಡು ಇಟ್ಟಿರೋದು?"

"ಜಾಸ್ತಿ ಕಳ್ಳಾಟ ಹಿಡಿಯೋಕೆ ಅಕ್ಕಾ. ಥೋಡಾ ಥೋಡಾ ಬಿಡ್ಬೇಕು."

ಥೋಡಾ ಥೋಡಾ ಬಿಟ್ಟವರ ಟ್ರೇಗಳ ಗತಿ ಏನಾಗುತ್ತಿತ್ತೆಂದು ಇವನಿಗೇನು ಗೊತ್ತು. ನಿನ್ನೆ ಯಂತ್ರವನ್ನು ಇಂದಿರಾನಗರಕ್ಕೆ ಸಾಗಿಸಿದ ಮೇಲೂ ಅವಳೇ ಹೋಗಿ, ಬಿಚ್ಚಿಟ್ಟಿದ್ದ ಗುಂಡನ್ನು ಮತ್ತೆ ಅದೇ ಎಲೆ ತೂರಿಸಿ ಕೂಡಿಸಿ ಬಂದಿದ್ದಳು. ಹೋಟೆಲಿನಲ್ಲಿ ಆಗ ನರಪಿಳ್ಳೆ ಇರಲಿಲ್ಲ. ದೀಪಗಳೆಲ್ಲ ಹತ್ತಿದವು, ಗಂಟೆಗಳು ಬಾರಿಸಿದವು. ಯಂತ್ರದ ಬೀಗದ ಕೈಯನ್ನು ಒಡತಿಗೆ ಕೊಡಲು ಮನಸ್ಸಾಗದೆ ತನ್ನ ಮನೆಯ ಗೊಂಚಲಿಗೇ ಸೇರಿಸಿಕೊಂಡಳು. ನಾಳೆ ಕೊಟ್ಟರಾಯಿತು ಎಂದು ತನಗೆ ತಾನೇ ಹೇಳಿಕೊಂಡದ್ದು.

ಊಟಕ್ಕೆ ಕೂತಾಗ, "ಸಾಯಂಕಾಲ ಇಂದಿರಾನಗರದ್ ಕಡೆ ಹೋಗ್ಬೇಕು, ನೀವೂ ಬನ್ನಿ," ಎಂದಳು. ಅವರು ಏನು, ಯಾಕೆ ಎಂದು ಕೇಳಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಬಾಗಿಲ ಬೀಗ ಅವಳು ಹಾಕಿದ ಮೇಲೆ ತಾವೊಮ್ಮೆ ಜಗ್ಗಿ ಹೊರಟರು. ಆಟೋ ತೂಗುಸೇತುವೆ ದಾಟಿ ಹಳೇ ಮದ್ರಾಸ್ ರಸ್ತೆಗೆ ಬಿದ್ದಾಗ ಅವಳು ಎದುರಿನ ಮೀಟರನ್ನೇ ನೋಡುತ್ತ, "ನಾನು ದೇವಸ್ಥಾನಕ್ಕೆ ಹೋಗ್ತಿರ್ಲಿಲ್ಲ ರೀ," ಎಂದಳು.

"ಗೊತ್ತು."

ಅವರು ಹೊರಗೆ ನೋಡುತ್ತ ಹೇಳಿದರು: "ದೇವಸ್ಥಾನದಿಂದ ಬಂದೋರ ಕೈ ಕರ್ಪೂರದ ವಾಸನೆ ಬರ್ಬೇಕು. ನಿನ್ ಕೈ ಸ್ಪಿರಿಟ್ ವಾಸನೆ ಬರ್ತಿತ್ತು."

"ಮತ್ತೆ ಕೇಳ್ಲಿಲ್ಲ?"

"ಕಾಂಟ್ಯಾಕ್ಟ್ ಒರೆಸ್ತಿದೀಯ ಅಂತ ಗೊತ್ತಾಯ್ತಲ್ಲ. ಇನ್ನೇನ್ ಕೇಳೋದು."

ಎರಡು ತಿಂಗಳು ಜತನದಿಂದ ಕಾಪಾಡಿದ ಸುಳ್ಳು ಮೊದಲ ದಿನವೇ ಇನ್‌ಸ್ಪೆಕ್ಷನ್ನಿನಲ್ಲಿ ಸಿಕ್ಕಿಬಿದ್ದಿತ್ತು. ಹಾಗಾದರೆ ದಿನವೂ ಕನ್ನಡಿ ನೋಡಿಕೊಂಡು ಅಂಗಡಿಯ ಕುಂಕುಮವನ್ನು ಇಟ್ಟುಕೊಳ್ಳುತ್ತಿದ್ದರಲ್ಲ, ಅದೇನು ಅವಳ ಮೇಲಿನ ಕರುಣೆಯೋ, ಹಂಗಿಸುವುದೋ? ಮುಖ ನೋಡಿದರೆ ಎರಡೂ ಕಾಣಲಿಲ್ಲ. ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಜೊತೆಗೇ ಅವರ ತೋಳು ಹಿಡಿದುಕೊಳ್ಳಬೇಕೆಂದೂ ಅನ್ನಿಸಿತು. ಆಟೋ ಹಳ್ಳಕ್ಕೆ ಇಳಿದಾಗ ಅದನ್ನೇ ನೆಪ ಮಾಡಿಕೊಂಡು ಹಿಡಿದಳು. ಯಂತ್ರದ ವಿಷಯವನ್ನೆಲ್ಲ ಹೇಳಿದಳು. ಅವರು ಹೂಂ ಹೂಂ ಎನ್ನುತ್ತ ಕೇಳಿದರು.

ಹೋಟೆಲು ಮಹಡಿಯ ಮೇಲಿತ್ತು, ನೆಲಕ್ಕೆಲ್ಲ ಹಲಗೆ ಹಾಸಿದ್ದರು. ಜನ ತುಂಬಿದ್ದರು, ಎಲ್ಲರ ಕೈಯಲ್ಲೂ ಗ್ಲಾಸು, ಎಲ್ಲರೂ ಎಲ್ಲರನ್ನೂ ಬಲ್ಲವರು. ಪ್ರಿಯದರ್ಶಿನಿ ಓಡಿಬಂದು "ಆಂಟಿ, ಬಂದ್ರಾ, ಸೋ ಸ್ವೀಟ್," ಎಂದು ಅವಳ ಎರಡೂ ಕೈ ಹಿಡಿದು, ಅಡುಗೆಮನೆಯ ಬಾಗಿಲ ಪಕ್ಕದ ಎರಡು ಕುರ್ಚಿ ತೋರಿಸಿ, ಹಾಗೇ ಓಡಿಹೋದಳು. ಆಮೇಲೆ ಯಂತ್ರದ ಪಕ್ಕ ನಿಂತು ಚಪ್ಪಾಳೆ ತಟ್ಟಿ ಎಲ್ಲರನ್ನೂ ಕರೆದಳು, ಇಂಗ್ಲಿಷಿನಲ್ಲಿ ಏನೇನೋ ಹೇಳಿದಳು, "ಅಂಡ್ ದಿಸ್ ಈಸ್ ವಾಜಿದ್ ಭಾಯ್, ನಮ್ಮ ಮೆಜೀಶಿಯನ್," ಎಂದು ವಾಜಿದನನ್ನು ಮುಂದಕ್ಕೆ ಎಳೆದಳು. ವಾಜಿದ್ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಅಡುಗೆಮನೆಯ ಕಡೆ ಮಾತ್ರ ಅವನು ನೋಡಲಿಲ್ಲ. ಆದಿಲಕ್ಷ್ಮಿಯ ಕಿವಿ ಬಿಸಿಯಾಯಿತು. ಪಕ್ಕದಲ್ಲಿ ಶ್ರೀರಾಮಪ್ಪನವರು ತಮಗೆ ಕೊಟ್ಟ ಜ್ಯೂಸನ್ನು ಒಂದು ಗುಟುಕು ಕುಡಿದು, ಸಕ್ಕರೆ ಜಾಸ್ತಿ ಎಂದು ಕೆಳಗಿಟ್ಟರು.

ಮೊದಲು ಬಂದವನು ಗಡ್ಡ ಬಿಟ್ಟ ಹುಡುಗ. ಹಿಡಿ ಎಳೆದು ಬಿಟ್ಟ. ಗೋಲಿ ಚಿಮ್ಮಿತು, ಗಂಟೆ ಬಾರಿಸಿತು, ದೀಪಗಳು ಕುಣಿದವು, ಎಲ್ಲರೂ ಹೋ ಎಂದರು, ಆದಿಲಕ್ಷ್ಮಿ ಕುರ್ಚಿಯಿಂದ ಅರ್ಧ ಎದ್ದಳು. ಹುಡುಗ ಬಟನ್ನಿಗೆ ಬೆರಳು ಒತ್ತಿದ್ದೇ ತಡ, ಕೆಂಪು ದೀಪ ಹತ್ತಿತು, ರೆಕ್ಕೆ ಸತ್ತವು, ಗೋಲಿ ನೆಟ್ಟಗೆ ತೂತಿಗೆ ಹೋಯಿತು. ಎಲ್ಲರೂ ನಕ್ಕರು. ಎರಡನೆಯವಳು ಹೂ ಮುಟ್ಟಿದ ಹಾಗೆ ಮುಟ್ಟಿದಳು, ಟಿಲ್ಟ್. ಇನ್ನೊಬ್ಬ ಸುಮ್ಮನೆ ಒರಗಿದ; ಟಿಲ್ಟ್. ಅಷ್ಟರಲ್ಲಿ ಯಾರೋ ಹಾಡು ಹಚ್ಚಿದರು, ಹಲಗೆಯ ನೆಲ ಧಿಮಿಧಿಮಿ ನಡುಗಿತು, ಯಾರೂ ಮುಟ್ಟದೆ ಯಂತ್ರ ತನ್ನಷ್ಟಕ್ಕೆ ತಾನೇ ಕೆಂಪಗೆ ಹತ್ತಿ ಆರಿತು. ಈಗ ಜನ ಅದನ್ನು ಬಿಟ್ಟು ಎರಡು ಹೆಜ್ಜೆ ಹಿಂದೆ ನಿಂತರು. ಪ್ರಿಯದರ್ಶಿನಿ ನಗುನಗುತ್ತಲೇ ವಾಜಿದನ ಕಡೆ ನೋಡಿದಳು, ಮೆಜೀಶಿಯನ್ನಿಗೆ ಆಗ ಥಟ್ಟನೆ ಸತ್ಯ ಜ್ಞಾಪಕಕ್ಕೆ ಬಂತು. "ಇಲ್ಲಾ ಮೇಡಂ, ಕೆಲ್ಸ ಎಲ್ಲಾ ಅಕ್ಕಂದು," ಎಂದು ಅಡುಗೆಮನೆಯ ಬಾಗಿಲಿಗೆ ಕೈ ತೋರಿಸಿದ. ಇಡೀ ಹೋಟೆಲು ಅವಳ ಕಡೆ ತಿರುಗಿತು, ಆವತ್ತು ಆ ಲೈನು ತಿರುಗಿದ ಹಾಗೆ.

ಅವಳು ಏಳುವ ಮುಂಚೆ ಶ್ರೀರಾಮಪ್ಪನವರು ಎದ್ದಿದ್ದರು. ಜನ ದಾರಿ ಬಿಟ್ಟರು. "ಬಾಗಿಲು ತೆಗಿ," ಎಂದರು. ಅವಳು ಗೊಂಚಲಿನಿಂದ ಬೀಗದ ಕೈ ಹುಡುಕಿ ಯಂತ್ರದ ಮುಂಬಾಗಿಲು ತೆಗೆದಳು. ಅವರು ಮಂಡಿ ಲಟಕ್ ಎನ್ನಿಸಿ ನೆಲಕ್ಕೆ ಕೂತು, ಅಂಗಿಯ ಜೇಬಿನಿಂದ ಗೇಜನ್ನು ತೆಗೆದರು. ಮನೆಯಿಂದ ಹೊರಡುವಾಗ ಜೇಬು ಮುಟ್ಟಿ ನೋಡಿಕೊಂಡದ್ದು ಅದಕ್ಕೇ. ತೆಳು ಎಲೆಯನ್ನು ಬಿಚ್ಚಿ, ತಲೆಯನ್ನು ಪೆಟ್ಟಿಗೆಯೊಳಗೆ ತೂರಿಸಿ, ಗುಂಡಿಗೂ ಬಳೆಗೂ ನಡುವೆ ಸುತ್ತಲೂ ಹಾಯಿಸಿದರು. ಅವರು ತಲೆ ಹೊರಗೆ ತೆಗೆದು, ಎಲೆಯನ್ನು ಕರ್ಚೀಫಿನಿಂದ ಒರೆಸಿ ಮಡಿಸಿ, ಮೇಜು ಹಿಡಿದು ಎದ್ದರು. ಕೆಂಪು ದೀಪ ಮತ್ತೊಮ್ಮೆ ಹತ್ತಿತು.

"ನೋಡಮ್ಮಾ," ಎಂದರು ಪ್ರಿಯದರ್ಶಿನಿಗೆ. "ಮಷೀನ್ ಕರೆಕ್ಟಾಗಿದೆ. ನಿಮ್ ನೆಲ ಸರಿ ಇಲ್ಲ." ಆಮೇಲೆ ಹೆಂಡತಿಯ ಕಡೆ ತಿರುಗಿ, ಫ್ಯಾಕ್ಟರಿಯಲ್ಲಿ ಕರೆಯುತ್ತಿದ್ದಂತೆ ಪೂರ್ತಿ ಹೆಸರು ಹಿಡಿದು ಹೇಳಿದರು: "ಆದಿಲಕ್ಷ್ಮಿ, ಚೆನ್ನಾಗಿ ಮಾಡಿದೀಯ. ಸುತ್ತಲೂ ಒಂದೇ ಸಮ ಇದೆ. ಇಂಥ ಸಂದಿ ನಾನು ನೋಡಿಲ್ಲ."

ಬಂತು. ಅವಳ ಕಣ್ಣು ತುಂಬಿತು, ಆ ಹಳೇ ಲೈನಿನವರೆಲ್ಲ ಇಲ್ಲಿರಬೇಕಿತ್ತು ಅನ್ನಿಸಿತು. ಎಷ್ಟು ಹೊತ್ತು ಹಾಗನ್ನಿಸಿತೋ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ನೋಡಿದರೆ, ಯಂತ್ರದ ಸುತ್ತ ಎರಡು ಹೆಜ್ಜೆ ದೂರದಲ್ಲಿ ಜನ, ಮಧ್ಯೆ ಯಾರೂ ಮುಟ್ಟಲಾಗದ ಆ ಪೆಟ್ಟಿಗೆ, ಅದರ ಪಕ್ಕ ತೃಪ್ತಿಯಿಂದ ಕೈ ಕಟ್ಟಿಕೊಂಡು ನಿಂತ ಗಂಡ. ಇದನ್ನು ತಾನು ಆಡುವವರಿಗೆ ಮಾಡಲಿಲ್ಲ, ಈ ಮನುಷ್ಯನಿಗೆ ಮಾಡಿದೆ ಎಂದು ಅವಳಿಗೆ ಹೊಳೆಯಿತು. ಗೋಡೌನಿನಲ್ಲಿ ಅವರು ಇಲ್ಲದೆಯೂ ಬಲಗಡೆ ನಿಂತೇ ಇದ್ದರು. ಈಗ ಅವರು ಹಿಗ್ಗುತ್ತಿದ್ದದ್ದು ಅವಳ ಕೈಕೆಲಸಕ್ಕಲ್ಲ, ತಮ್ಮ ಗೇಜಿಗೆ. ಅವಳಿಗೆ ಅಸಾಧ್ಯ ಸಿಟ್ಟು ಬಂತು. ಅವರ ಮೇಲೆ ಎಂದುಕೊಂಡಳು, ಪೂರ್ತಿ ಅವರ ಮೇಲೂ ಅಲ್ಲ.

"ಆಂಟಿ, ಆ ಗುಂಡನ್ನ ತೆಗೆದೇ ಬಿಡಿ," ಎನ್ನುತ್ತಿದ್ದಳು ಪ್ರಿಯದರ್ಶಿನಿ. "ಸುಮ್ನೆ ಲೈಟ್ ಉರಿದ್ರೂ ಸಾಕು."

"ಸುಮ್ನೆ ಉರಿಯೋಕೆ ನಾನ್ಯಾಕೆ ಬೇಕಿತ್ತು," ಎಂದು ಆದಿಲಕ್ಷ್ಮಿ ನೆಲಕ್ಕೆ ಕೂತಳು. ಕೈ ಒಳಗೆ ಹಾಕಿ ಸ್ಕ್ರೂ ಸಡಿಲಿಸಿ, ಗುಂಡನ್ನು ಮೇಲಕ್ಕೆ ಸರಿಸಿ ಸಂದಿ ಅಗಲ ಮಾಡಿದಳು. ಶ್ರೀರಾಮಪ್ಪನವರು ಗೇಜನ್ನು ಮುಂದೆ ಹಿಡಿದರು.

"ಬೇಡ."

"ಮತ್ತೆ ಎಷ್ಟ್ ಎತ್ತಿದೀಯ?"

"ಅಂದಾಜು."

"ಅಂದಾಜಾ?" ಫ್ಯಾಕ್ಟರಿಯಲ್ಲಿ ಆ ಮಾತಾಡಿದ ಹುಡುಗಿಯರನ್ನು ಅವರು ಬೇರೆ ಲೈನಿಗೆ ಹಾಕಿಸಿದ್ದರು. ಅವಳು ಸ್ಕ್ರೂ ಬಿಗಿದು, ಬಾಗಿಲು ಮುಚ್ಚಿ, ಸೀರೆ ಕೊಡವಿಕೊಂಡು ಎದ್ದು, "ಬನ್ನಿ, ನೀವೇ ಆಡಿ," ಎಂದಳು. ಬೇರೆ ಯಾರೂ ಮುಂದೆ ಬರುವಂತೆ ಕಾಣಲಿಲ್ಲ. ಅವರು ಟೆಸ್ಟಿಂಗ್ ಬೆಂಚಿನ ಮುಂದೆ ನಿಂತಂತೆ ನೆಟ್ಟಗೆ ನಿಂತು ಹಿಡಿ ಎಳೆದರು. ಗೋಲಿ ಮೇಲೆ ಹೋಗಿ, ಅಲ್ಲಿ ಇಲ್ಲಿ ಬಡಿದು, ಗಂಟೆ ಬಾರಿಸಿ, ನಡುವಿನ ತೂತಿಗೆ ನೆಟ್ಟಗೆ ಇಳಿಯತೊಡಗಿತು. ಯಾವ ರೆಕ್ಕೆಗೂ ಎಟಕುವ ದಾರಿಯಲ್ಲ ಅದು. ಅವರು ನ್ಯಾಯವಾಗಿ ಬೀಳಲಿ ಎಂದು ನೋಡುತ್ತ ನಿಂತರು. ಆದಿಲಕ್ಷ್ಮಿ ಪಕ್ಕದಿಂದ ಯಂತ್ರಕ್ಕೆ ಸೊಂಟ ಕೊಟ್ಟು ಒಂದು ಧಕ್ಕಾ ಹೊಡೆದಳು, ಅಡುಗೆಮನೆಯ ಡ್ರಾಯರು ಮುಚ್ಚುವಾಗ ಹೊಡೆಯುವಂಥದು. ಗೋಲಿ ಬೆಚ್ಚಿದ ಹಾಗೆ ದಾರಿ ಬಿಟ್ಟು ಬಲಗಡೆಯ ರೆಕ್ಕೆಗೆ ಬಂತು, ಗಾಬರಿಯಲ್ಲಿ ಅವರ ಬೆರಳು ಬಟನ್ ಒತ್ತಿಬಿಟ್ಟಿತು, ಗೋಲಿ ಮತ್ತೆ ಮೇಲಕ್ಕೆ ಹಾರಿ ಗಂಟೆಗಳ ಮಧ್ಯೆ ಬಿತ್ತು. ಹಿಂದೆ ಜನ ಕೂಗಿದರು. ಶ್ರೀರಾಮಪ್ಪನವರು ಗೋಲಿಯನ್ನು ನೋಡುತ್ತಿರಲಿಲ್ಲ. ಕೆಂಪು ದೀಪ ಹತ್ತುವುದನ್ನು ಕಾಯುತ್ತಿದ್ದರು. ಅದು ಹತ್ತಲಿಲ್ಲ.

"ಇದು ರಿಜೆಕ್ಟು, ಆದಿಲಕ್ಷ್ಮಿ," ಎಂದರು, ಮೆತ್ತಗೆ.

"ಗೊತ್ತು," ಎಂದಳು. "ದೀಪ ನೋಡ್ಬೇಡಿ. ಗೋಲಿ ಬರ್ತಿದೆ."